ತಡಿಯಂಡಮೋಳ್ ಕುಳಿತಲ್ಲಿಗೆ ಬರಬೇಕಾದರೆ

ಕೊಡಗಿನಲ್ಲಿ ಜನ ಹುಡುಕಿಕೊಂಡು ಬರುವ ತಾಣಗಳಲ್ಲಿ ಹೆಚ್ಚಿನವು ಏರಿನ ತುದಿಯಲ್ಲೋ ಇಳಿಜಾರಿನ ತಳದಲ್ಲೋ ಇವೆ. ತಲಕಾವೇರಿಯಿಂದ ಬ್ರಹ್ಮಗಿರಿಯ ನೆತ್ತಿಗೆ ಮೆಟ್ಟಿಲು ಹತ್ತಬೇಕು, ಅಬ್ಬಿ ಜಲಪಾತಕ್ಕೆ ಮೆಟ್ಟಿಲು ಇಳಿಯಬೇಕು, 1,748 ಮೀಟರ್ ಎತ್ತರದ ತಡಿಯಂಡಮೋಳ್‌ನ ತುದಿಗೆ ನಡೆದೇ ಹೋಗಬೇಕು. ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಗೆ ಬಂದವರ ಪಾಲಿಗೆ ತಮ್ಮದೇ ಜಿಲ್ಲೆಯ ಬೆಟ್ಟಗಳು ದೂರವಾಗುತ್ತವೆ. ಇಂಥವರಿಗೆ ವರ್ಚುವಲ್ ರಿಯಾಲಿಟಿ, ಅಂದರೆ ಕಣ್ಣಿಗೆ ಹೆಡ್‌ಸೆಟ್ ತೊಟ್ಟು ಬೇರೊಂದು ಜಾಗದಲ್ಲೇ ಇರುವಂತೆ ಅನುಭವಿಸುವ ತಂತ್ರಜ್ಞಾನ, ವರವಾಗಬಲ್ಲದು ಎನ್ನುವುದು ನಿಜವೇ. ಆದರೆ ಆ ತಂತ್ರಜ್ಞಾನವನ್ನು ರೂಪಿಸಿದವರು ಬಹುಮಟ್ಟಿಗೆ ಲೆಕ್ಕಕ್ಕೆ ಹಿಡಿದಿರುವುದು ಎದ್ದು ನಿಲ್ಲಬಲ್ಲ, ಎರಡೂ ಕೈಗಳು ಆಡುವ ದೇಹವನ್ನು.

ಹೆಡ್‌ಸೆಟ್ ತನ್ನ ಹೊರಮೈಯ ಕ್ಯಾಮೆರಾಗಳಿಂದ ನೆಲವನ್ನು ಗುರುತಿಸಿ, ತಲೆ ಅದರಿಂದ ಎಷ್ಟು ಮೇಲಿದೆಯೆಂದು ಅಳೆದು, ಅದಕ್ಕೆ ತಕ್ಕಂತೆ ದೃಶ್ಯವನ್ನು ಮೂಡಿಸುತ್ತದೆ. ಹೀಗಾಗಿ ಕುಳಿತವರಿಗೆ ಎತ್ತರದ ಕಪಾಟು ಎಟುಕುವುದಿಲ್ಲ, ನೆಲದ ಮೇಲಿನ ವಸ್ತುವಿಗೆ ಕೈ ಚಾಚಿದರೆ ಕೈಯಲ್ಲಿ ಹಿಡಿದ ನಿಯಂತ್ರಣ ಸಾಧನ, ಅಂದರೆ ಕಂಟ್ರೋಲರ್, ಗಾಲಿಗೆ ಬಡಿಯುತ್ತದೆ. ನೋಟದ ಎತ್ತರಕ್ಕೆ ಒಂದಷ್ಟು ಸೇರಿಸುವ ಆಯ್ಕೆಯನ್ನು ತಂತ್ರಾಂಶದಲ್ಲಿ ಇಟ್ಟರೆ ಈ ತೊಡಕಿನ ಬಹುಪಾಲು ತೀರುತ್ತದೆ. 2020ರಲ್ಲಿ ಬಂದ ಹಾಫ್-ಲೈಫ್: ಅಲಿಕ್ಸ್ ಆಟವನ್ನು ಕುಳಿತೂ ಆಡಬಹುದು, ಒಂದೇ ಕೈಯಲ್ಲೂ ಆಡಬಹುದು.

ತಿರುಗುವುದು ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ. ಮೈ ತಿರುಗಿಸಲಾಗದವರು ಕಂಟ್ರೋಲರಿನ ಕಡ್ಡಿಯಿಂದ ದೃಶ್ಯವನ್ನೇ ತಿರುಗಿಸಬೇಕಾಗುತ್ತದೆ. ಆಗ ಕಣ್ಣು ಚಲನೆಯನ್ನು ಕಾಣುತ್ತದೆ, ಒಳಕಿವಿಯ ಸಮತೋಲನ ಅಂಗಕ್ಕೆ ಅದು ತಿಳಿಯುವುದಿಲ್ಲ, ಇದರಿಂದ ವಾಕರಿಕೆ ಬರುತ್ತದೆ. ಸಂಪಾಜೆ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತ ಕುಳಿತವರಿಗೆ ಬರುವ ವಾಕರಿಕೆಯೂ ಇದೇ ಜಾತಿಯದು, ಅಲ್ಲಿ ಕಿವಿಗೆ ತಿಳಿದದ್ದು ಕಣ್ಣಿಗೆ ತಿಳಿಯುವುದಿಲ್ಲ ಅಷ್ಟೆ. ಆದ್ದರಿಂದ ದೃಶ್ಯವನ್ನು ನಿಧಾನವಾಗಿ ಸುತ್ತಿಸುವ ಬದಲು ನಡುವಿನ ಚಲನೆ ಕಣ್ಣಿಗೆ ಕಾಣದಂತೆ ಮೂವತ್ತು ಅಥವಾ ನಲವತ್ತೈದು ಡಿಗ್ರಿಯಷ್ಟು ಒಮ್ಮೆಗೇ ಜಿಗಿಸುತ್ತಾರೆ.

ಕಣ್ಣು ಕಾಣದವರಿಗೆ ಈ ಸಾಧನದಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಸಹಜ. ಮೈಕ್ರೋಸಾಫ್ಟ್ ಸಂಶೋಧಕರು 2018ರಲ್ಲಿ ತೋರಿಸಿದ ಕೇನ್‌ಟ್ರೋಲರ್ ಇದಕ್ಕೆ ಒಳ್ಳೆಯ ಉತ್ತರ. ಅದು ಬಿಳಿ ಕೋಲಿನಂಥ ಉಪಕರಣ. ಕಲ್ಪಿತ ಕೋಣೆಯ ಗೋಡೆಗೆ ಕೋಲು ತಾಗಿದಾಗ ಬಳಕೆದಾರರು ತೊಟ್ಟುಕೊಂಡ ಬ್ರೇಕ್ ಅದನ್ನು ಹಿಡಿದು ನಿಲ್ಲಿಸುತ್ತದೆ, ಹಿಡಿ ಕಂಪಿಸುತ್ತದೆ, ತಾಗಿದ ದಿಕ್ಕಿನಿಂದಲೇ ಸದ್ದು ಬರುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಜಾಣ ಉಪಾಯ ಇದು, ಏಕೆಂದರೆ ಇದು ಕೋಲು ಹಿಡಿದು ನಡೆಯುವವರು ಆಗಲೇ ಬಲ್ಲ ವಿದ್ಯೆಯನ್ನೇ ನೆಚ್ಚಿಕೊಂಡಿದೆ.

2024ರಲ್ಲಿ ಮಾರುಕಟ್ಟೆಗೆ ಬಂದ ಆಪಲ್ ವಿಷನ್ ಪ್ರೊದಲ್ಲಿ ಕೈಸನ್ನೆ ಮಾಡಲಾಗದವರು ನೋಟವನ್ನು ಒಂದೆಡೆ ನೆಟ್ಟು ಆಯ್ಕೆ ಮಾಡಬಹುದು, ಕಣ್ಣು ಸ್ಥಿರವಾಗಿ ನಿಲ್ಲದವರು ತಲೆಯನ್ನೇ ಬಳಸಬಹುದು. ಅಮೆರಿಕದಲ್ಲಿ ಅದರ ಆರಂಭಿಕ ಬೆಲೆ 3,499 ಡಾಲರ್ ಆಗಿತ್ತು. ತೋಟದ ಕೂಲಿಯವರ ಮನೆಗೆ ಅದು ಬರುವ ಮಾತು ಸದ್ಯಕ್ಕಿಲ್ಲ.

ನಮ್ಮಲ್ಲಿ ಈಗಲೇ ಮಾಡಬಹುದಾದದ್ದು ಸುತ್ತಲಿನ ದೃಶ್ಯವನ್ನೆಲ್ಲ ಸೆರೆಹಿಡಿಯುವ 360 ಡಿಗ್ರಿ ವಿಡಿಯೊ. ಅದರಲ್ಲಿ ಕ್ಯಾಮೆರಾ ನಿಂತ ಎತ್ತರವೇ ನೋಡುವವರ ಎತ್ತರವಾಗುವುದರಿಂದ, ತಡಿಯಂಡಮೋಳ್‌ನಲ್ಲಿ ಚಿತ್ರೀಕರಿಸುವವರು ಟ್ರೈಪಾಡನ್ನು ಕುಳಿತವರ ಕಣ್ಣಿನ ಮಟ್ಟಕ್ಕೂ ಇಳಿಸಿ ಇನ್ನೊಮ್ಮೆ ಚಿತ್ರೀಕರಿಸಬೇಕು. ಕಿವಿ ಕೇಳದವರಿಗೆ ಬೇಕಾದ ಅಕ್ಷರದ ಸಾಲು ಒಂದೇ ಮೂಲೆಯಲ್ಲಿ ಉಳಿಯದೆ, ತಲೆ ತಿರುಗಿದತ್ತ ತಾನೂ ಬರುವಂತಿರಬೇಕು.