ಪಹಣಿ ಇದ್ದವರಿಗೆ ಸೊಸೈಟಿ, ಇಲ್ಲದವರಿಗೆ ಸಂಘ

ಸಹಕಾರಿ ಸೊಸೈಟಿಯ ಬೆಳೆಸಾಲ ತೀರಿಸುವ ಗಡುವು ಹತ್ತಿರ ಬಂತೆಂದರೆ ಅರಸೀಕೆರೆ ಕಡೆಯ ಹಳ್ಳಿಗಳಲ್ಲಿ ಒಂದು ಓಡಾಟ ಶುರುವಾಗುತ್ತದೆ. ಹೆಂಡತಿಯ ಸರ ಗಿರವಿ ಇಟ್ಟೋ, ಪರಿಚಯದವರಲ್ಲಿ ನಾಲ್ಕು ದಿನಕ್ಕೆಂದು ಕೈಸಾಲ ತಂದೋ ರೈತ ಬೆಳೆಸಾಲ ಕಟ್ಟುತ್ತಾನೆ. ಹೊಸ ಸಾಲ ಖಾತೆಗೆ ಬಿದ್ದ ಮೇಲೆ ಸರ ಬಿಡಿಸಿಕೊಳ್ಳುತ್ತಾನೆ. ಗಡುವು ದಾಟಿದರೆ ಶೂನ್ಯ ಬಡ್ಡಿ ಕೈತಪ್ಪುತ್ತದಲ್ಲ! ಸೊಸೈಟಿ ಪುಸ್ತಕದಲ್ಲಿ ವಸೂಲಾತಿ ಚೊಕ್ಕವಾಗಿ ಕಾಣುತ್ತದೆ. ಸಾಲ ಇದ್ದಲ್ಲೇ ಇರುತ್ತದೆ.

ಈ ಕಥೆ ಹಳೆಯದು. 1904ರಲ್ಲಿ ಸಹಕಾರ ಕಾಯ್ದೆ ಬಂತು, 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು, ಅದೇ ವರ್ಷ ಮೈಸೂರು ಸಂಸ್ಥಾನವೂ ತನ್ನ ಕಾನೂನು ಮಾಡಿತು. ಆದರೂ 1951–52ರ ಗ್ರಾಮೀಣ ಸಾಲ ಸಮೀಕ್ಷೆ ನೋಡಿದಾಗ ದೇಶದ ಹಳ್ಳಿಸಾಲದಲ್ಲಿ ಸಹಕಾರಿಗಳ ಪಾಲು ಸುಮಾರು ಶೇ. 3 ಮಾತ್ರ. 1959ರ ರಾಜ್ಯ ಸಹಕಾರ ಕಾಯ್ದೆ, 1982ರಲ್ಲಿ ಕೃಷಿ–ಗ್ರಾಮೀಣ ಸಾಲಕ್ಕೆಂದೇ ಬಂದ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್, ನಡುನಡುವೆ ಸಾಲಮನ್ನಾ. ಸೊಸೈಟಿ ಬೆಳೆಯಿತು, ಆದರೆ ಬೆಳೆಸಾಲಕ್ಕೆ ಅದು ಕೇಳುವ ಮೊದಲ ಕಾಗದ ಜಮೀನಿನ ದಾಖಲೆಯಾದ ಪಹಣಿಯೇ. ಮೂಡಿಗೆರೆ ತೋಟದಲ್ಲಿ ಕೂಲಿಯವರ ಸಾಲು ಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿರುವ ಹೆಂಗಸಿಗೆ ಎಲ್ಲಿಯ ಪಹಣಿ?

ಆ ಜಾಗಕ್ಕೆ ಬಂದದ್ದು ಸ್ವಸಹಾಯ ಗುಂಪು. ಕರ್ನಾಟಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಎಂಬತ್ತರ ದಶಕದಲ್ಲೇ ಪ್ರಯತ್ನಿಸಿತ್ತು. 1992ರಲ್ಲಿ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಮೊದಲು ಉಳಿತಾಯ, ಆಮೇಲೆ ಸಾಲ. ಯಾರಿಗೆ ಎಷ್ಟು ಎಂದು ಗುಂಪೇ ಕೂತು ನಿರ್ಧರಿಸುತ್ತಿತ್ತು. ಹಿಂದೆಯೇ ಅಡಮಾನವಿಲ್ಲದೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳು ಬಂದವು. ಗುಂಪು ಉಳಿಯಿತು, ಉಳಿತಾಯ ಹೋಯಿತು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕೆಂಬ ಹೊಣೆ ಮಾತ್ರ ಗಟ್ಟಿಯಾಯಿತು. ಜನರ ಬಾಯಲ್ಲಿ ಸ್ವಸಹಾಯ ಗುಂಪಿಗೂ ಕಂಪನಿಯ ಗುಂಪಿಗೂ ‘ಸಂಘ’ ಎಂದೇ ಹೆಸರಾದ್ದರಿಂದ ಗೊಂದಲ ಇನ್ನೂ ಹೆಚ್ಚು.

2010ರಲ್ಲಿ ಆಂಧ್ರದಲ್ಲಿ ಸಾಲಗಾರರ ಆತ್ಮಹತ್ಯೆಗಳ ಸುದ್ದಿಯ ಬೆನ್ನಿಗೆ ಈ ಕಂಪನಿಗಳ ಮೇಲೆ ಸುಗ್ರೀವಾಜ್ಞೆ ಬಂತು. ರಿಸರ್ವ್ ಬ್ಯಾಂಕ್ ನೇಮಿಸಿದ ಮಾಲೇಗಾಂ ಸಮಿತಿ ವರದಿ ಕೊಟ್ಟಿತು, 2011ರ ಕೊನೆಗೆ ಬ್ಯಾಂಕ್ ನಿಯಮ ತಂದಿತು: ಬಡ್ಡಿಗೆ ಮಿತಿ, ಒಬ್ಬರಿಗೆ ಇಂಥ ಎರಡಕ್ಕಿಂತ ಹೆಚ್ಚು ಕಂಪನಿಗಳ ಸಾಲವಿಲ್ಲ. ಒಳ್ಳೆಯ ನಿಯಮವೇ. ಆದರೆ ಅದು ಕಟ್ಟಿಹಾಕಿದ್ದು ಮೈಕ್ರೋಫೈನಾನ್ಸ್ ಎಂದು ನೋಂದಾಯಿತವಾದ ಕಂಪನಿಗಳನ್ನು ಮಾತ್ರ; ಅದೇ ಮನೆಗೆ ಬ್ಯಾಂಕ್ ಸಾಲ ಕೊಡಲು ಅಡ್ಡಿಯಿರಲಿಲ್ಲ. 2015ರಲ್ಲಿ ಸಣ್ಣ ಹಣಕಾಸು ಬ್ಯಾಂಕ್ ಆಗಲು ಒಪ್ಪಿಗೆ ಪಡೆದ 10ರಲ್ಲಿ 8 ಮೊದಲು ಮೈಕ್ರೋಫೈನಾನ್ಸ್ ಸಂಸ್ಥೆಗಳೇ. ಬೇಲಿ ಇತ್ತು, ದನ ಆಚೆಗಿತ್ತು.

2022ರ ಏಪ್ರಿಲ್‌ನಿಂದ ನಿಯಮ ಬ್ಯಾಂಕು, ಕಂಪನಿ ಎಲ್ಲರಿಗೂ ಒಂದೇ ಆಯಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಟ್ಟ ಸಾಲವೆಲ್ಲ ಮೈಕ್ರೋಫೈನಾನ್ಸ್ ಸಾಲವೇ. ಎಲ್ಲ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬಡ್ಡಿಯ ಮಿತಿ ಮಾತ್ರ ತೆಗೆದುಹಾಕಲಾಯಿತು, ದರ ನಿಗದಿ ಸಾಲ ಕೊಡುವವರ ಕೈಗೆ ಹೋಯಿತು. 2025ರ ಫೆಬ್ರುವರಿಯಲ್ಲಿ ಇಂಥ ಸಾಲದ ವಸೂಲಿ ಕಿರುಕುಳ ತಡೆಯಲು ಕರ್ನಾಟಕದ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ ಆಮೇಲೆ ಸಹಿ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಇಷ್ಟೆಲ್ಲದರ ನಡುವೆ ‘ತಿಂಗಳ ಆದಾಯ’ ಎಂಬುದನ್ನು ಯಾವಾಗ ಕೇಳಬೇಕು ಎಂಬ ಪ್ರಶ್ನೆ ಉಳಿದೇ ಇದೆ. ಮಲೆನಾಡಿನಲ್ಲಿ ಕಾಫಿ ಕುಯ್ಲಿನ ಕಾಲಕ್ಕೆ ಗಂಡ ಹೆಂಡತಿ ಇಬ್ಬರಿಗೂ ದಿನವೂ ಕೆಲಸ. ಆಗ ಬರೆಸಿದ ಆದಾಯದ ಮೇಲೆ ಕಂತು ನಿಗದಿಯಾಗುತ್ತದೆ. ಆಷಾಢದ ಮಳೆಯಲ್ಲಿ ತೋಟದ ಕೆಲಸ ವಾರಗಟ್ಟಲೆ ನಿಂತಾಗಲೂ ಕಲೆಕ್ಷನ್ ಹುಡುಗ ರೇನ್‌ಕೋಟ್ ಹಾಕಿಕೊಂಡು ಹೇಳಿದ ದಿನಕ್ಕೇ ಬರುತ್ತಾನೆ. ಲೈನ್ ಮನೆ ಜಗಲಿಯಲ್ಲಿ ಹೆಂಗಸರು ನೂರು, ಇನ್ನೂರು ಒಟ್ಟುಮಾಡಿ ಬಾರದವಳ ಕಂತು ತುಂಬಿಸುತ್ತಾರೆ. ಅವನ ಮೊಬೈಲ್‌ನಲ್ಲಿ ಆ ವಾರದ ವಸೂಲಾತಿ ನೂರಕ್ಕೆ ನೂರು.