ಸರ್ಜನ್ ಜೇಬಿನಲ್ಲಿರುವ ಲೆಕ್ಕ

ಮೈ ಸುಟ್ಟ ರೋಗಿ ಬಂದ ಕೂಡಲೇ ಡಾಕ್ಟರು ಒಂದು ಲೆಕ್ಕ ಹಾಕಬೇಕು. ತೂಕ ಎಷ್ಟು ಕಿಲೋ, ಮೈ ಶೇಕಡಾ ಎಷ್ಟು ಸುಟ್ಟಿದೆ ಎಂಬುದನ್ನು ಗುಣಿಸಿ, ಮತ್ತೆ 4ರಿಂದ ಗುಣಿಸಬೇಕು. 60 ಕಿಲೋ ತೂಕದವರಿಗೆ ಶೇ. 30 ಸುಟ್ಟಿದ್ದರೆ 7,200 ಮಿ.ಲೀ. ಮೊದಲ 24 ಗಂಟೆಯಲ್ಲಿ ಅಷ್ಟು ಡ್ರಿಪ್ ಹೋಗಬೇಕು, ಅದರಲ್ಲಿ ಅರ್ಧ ಮೊದಲ 8 ಗಂಟೆಯಲ್ಲೇ. ಆ 8 ಗಂಟೆ ಶುರುವಾಗುವುದು ಆಸ್ಪತ್ರೆಗೆ ಬಂದಾಗ ಅಲ್ಲ, ಸುಟ್ಟ ಗಳಿಗೆಯಿಂದ. ಎರಡು ಗಂಟೆ ತಡವಾಗಿ ಬಂದವರಿಗೆ 3,600 ಮಿ.ಲೀ. ಅನ್ನು ಆರೇ ಗಂಟೆಯಲ್ಲಿ ಕೊಡಬೇಕು. ಇದು ಪಾರ್ಕ್‌ಲ್ಯಾಂಡ್ ಸೂತ್ರ. ಆಮೇಲೆ ಮೂತ್ರ ಎಷ್ಟು ಬರುತ್ತಿದೆ ಎಂದು ನೋಡಿಕೊಂಡು ಹೆಚ್ಚು ಕಡಿಮೆ ಮಾಡುತ್ತಾರೆ. ಆದರೆ ಡ್ರಿಪ್ ತೀರಾ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು, ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು.

ನಡುರಾತ್ರಿ, ನಿದ್ದೆಗೆಟ್ಟ ಕಣ್ಣಲ್ಲಿ ಈ ಲೆಕ್ಕ ತಪ್ಪುವುದು ಸುಲಭ. ಅದಕ್ಕೇ ಇಂಗ್ಲೆಂಡಿನ ಮರ್ಸಿ ಪ್ರದೇಶದ ಪ್ಲಾಸ್ಟಿಕ್ ಸರ್ಜನ್‌ಗಳು 'ಮರ್ಸಿ ಬರ್ನ್ಸ್' ಎಂಬ ಆ್ಯಪ್ ತಂದರು. ಪರದೆಯ ಮೇಲಿನ ಮನುಷ್ಯನ ಚಿತ್ರದಲ್ಲಿ ಸುಟ್ಟ ಜಾಗಕ್ಕೆ ಬೆರಳಿನಿಂದ ಬಣ್ಣ ಬಳಿದು, ತೂಕ ಹಾಕಿದರೆ ಉತ್ತರ ಬರುತ್ತದೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಎಂಎಚ್‌ಆರ್‌ಎಯಲ್ಲಿ ವೈದ್ಯಕೀಯ ಉಪಕರಣವಾಗಿ ನೋಂದಣಿಯಾದ ಆ ದೇಶದ ಮೊದಲ ಆ್ಯಪ್ ಇದು. ಆದರೆ ಅದು ಸೇರಿದ್ದು, ಅಪಾಯ ಎಲ್ಲಕ್ಕಿಂತ ಕಡಿಮೆ ಎಂದು ಎಣಿಸುವ ಒಂದನೇ ವರ್ಗಕ್ಕೆ. ಆ ವರ್ಗದಲ್ಲಿ 'ನಮ್ಮ ಉಪಕರಣ ಸುರಕ್ಷಿತ' ಎಂದು ಬರೆದುಕೊಡುವವರು ಅದನ್ನು ಮಾಡಿದವರೇ. ಇಲ್ಲಿ ಮಾಡಿದವರು ಸುಟ್ಟಗಾಯ ನೋಡುವ ಡಾಕ್ಟರುಗಳೇ ಆಗಿದ್ದರು. ಎಲ್ಲ ಆ್ಯಪ್‌ಗಳ ಹಿಂದೆ ಅಂಥವರು ಇರುವುದಿಲ್ಲ ಅಲ್ವಾ?

ಆ್ಯಪಲ್‌ನ ಆ್ಯಪ್ ಸ್ಟೋರ್ ತೆರೆದದ್ದು 2008ರಲ್ಲಿ. ಆಗ ಇಂಥ ಆ್ಯಪ್‌ಗಳಿಗೆಂದೇ ಮಾಡಿದ ನಿಯಮ ಇರಲಿಲ್ಲ. ಫೆಬ್ರುವರಿ 2011ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 'ಮೊಬೈಲ್ ಎಂಐಎಂ' ಎಂಬ ಆ್ಯಪ್‌ಗೆ ಒಪ್ಪಿಗೆ ಕೊಟ್ಟಿತು. ಸಿಟಿ, ಎಂಆರ್‌ಐ ಚಿತ್ರಗಳನ್ನು ಐಫೋನಿನಲ್ಲಿ ನೋಡಲು ಅದು ಬೇಕಿತ್ತು. ಸುಮ್ನೆ ಒಪ್ಪಲಿಲ್ಲ. ದೊಡ್ಡ ಕಂಪ್ಯೂಟರ್ ಕೈಗೆ ಸಿಗದಾಗ ಮಾತ್ರ ಬಳಸಬೇಕು ಎಂಬ ಕಟ್ಟು ಹಾಕಿತು. ಆ ಆ್ಯಪ್ ಕೋಣೆಯ ಬೆಳಕನ್ನೂ ಪರೀಕ್ಷಿಸುತ್ತಿತ್ತು: ಪರದೆಯ ಒಂದು ಸಣ್ಣ ಭಾಗ ತುಸು ಬೇರೆ ಛಾಯೆಯಲ್ಲಿರುತ್ತದೆ, ಅದನ್ನು ಗುರುತಿಸಿ ಮುಟ್ಟಬೇಕು. ಗುರುತಿಸಲಾಗದಿದ್ದರೆ ಕೋಣೆಯ ಬೆಳಕು ಚಿತ್ರ ನೋಡಲು ತಕ್ಕದ್ದಲ್ಲ ಎಂದರ್ಥ. ಇಷ್ಟು ಎಚ್ಚರ ಬೇಕೇಬೇಕು ಎಂದು ನನಗನ್ನಿಸುತ್ತದೆ. ಯಾಕೆಂದರೆ ಅದೇ ವರ್ಷ ಸಂಧಿವಾತ ಎಷ್ಟು ತೀವ್ರ ಎಂದು ಲೆಕ್ಕ ಹಾಕುವ ಫೈಜರ್ ಕಂಪನಿಯ ಕ್ಯಾಲ್ಕುಲೇಟರ್ ಆ್ಯಪ್ ತಪ್ಪು ಅಂಕ ತೋರಿಸುತ್ತಿದೆ ಎಂದು ಗೊತ್ತಾಗಿ, ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

2013ರಲ್ಲಿ ವೈದ್ಯಕೀಯ ಆ್ಯಪ್‌ಗಳ ಬಗ್ಗೆ ಎಫ್‌ಡಿಎ ಮಾರ್ಗಸೂಚಿ ಪೂರ್ತಿಯಾಯಿತು. ಕೈಕೊಟ್ಟರೆ ರೋಗಿಗೆ ಅಪಾಯ ತರುವ ಆ್ಯಪ್‌ಗಳ ಮೇಲಷ್ಟೇ ಅದರ ಕಣ್ಣು. ಆ ವರ್ಷದ ಮೇ ತಿಂಗಳಲ್ಲೇ ಮೂತ್ರ ಪರೀಕ್ಷೆಯ 'ಯುಚೆಕ್' ಆ್ಯಪ್ ಬಗ್ಗೆ ಎಫ್‌ಡಿಎ ಭಾರತದ ಬಯೋಸೆನ್ಸ್ ಕಂಪನಿಗೆ ಪತ್ರ ಬರೆದು, ಒಪ್ಪಿಗೆ ಎಲ್ಲಿ ಎಂದು ಕೇಳಿತ್ತು.

ನಮ್ಮಲ್ಲಿ ಕಾನೂನಿನ ಸಾಲು ಬದಲಾದದ್ದು 2020ರಲ್ಲಿ. ಏಪ್ರಿಲ್ 1ರಿಂದ ಚಿಕಿತ್ಸೆಗೆ, ರೋಗ ಪತ್ತೆಗೆ ಬಳಸುವ ತಂತ್ರಾಂಶವೂ ವೈದ್ಯಕೀಯ ಉಪಕರಣದ ಅರ್ಥದೊಳಗೆ ಬಂತು.

ಅಮೆರಿಕ 2016ರ ಕಾನೂನಿನಲ್ಲಿ ಒಂದು ರಿಯಾಯಿತಿ ಇಟ್ಟಿತ್ತು. ಡಾಕ್ಟರಿಗೆ ಸಲಹೆ ಕೊಡುವ ತಂತ್ರಾಂಶ, ಆ ಸಲಹೆ ಹೇಗೆ ಬಂತೆಂದು ಡಾಕ್ಟರು ತಾವೇ ಪರಿಶೀಲಿಸುವಂತಿದ್ದರೆ, ಉಪಕರಣದ ಲೆಕ್ಕಕ್ಕೆ ಬರುವುದಿಲ್ಲ. ಕೇಳಲು ಸರಿಯಾಗಿದೆ. ಆದರೆ ರೋಗಿ ನರಳುತ್ತಿರುವಾಗ ಕೂತು ಪರಿಶೀಲಿಸಲು ಯಾರಿಗೆ ಹೊತ್ತಿರುತ್ತದೆ? 2022ರಲ್ಲಿ ಎಫ್‌ಡಿಎ ಅದನ್ನು ಬಿಡಿಸಿ ಹೇಳಿತು: ಸಮಯವೇ ಇಲ್ಲದ ತುರ್ತು ನಿರ್ಧಾರಕ್ಕೆಂದು ಮಾಡಿದ ತಂತ್ರಾಂಶಕ್ಕೆ ಆ ರಿಯಾಯಿತಿ ಸಿಗದು.