ಪದ ಪರಿಚಯ: ಆರೋಗ್ಯ ಸಾಕ್ಷರತೆ

ಡಾಕ್ಟರು ಹೇಳಿದ್ದು ಅರ್ಥವಾಗುವುದು, ಔಷಧಿ ಚೀಟಿ ಓದಲು ಬರುವುದು, ಯಾವ ತೊಂದರೆಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದು, ಅನುಮಾನ ಬಂದರೆ ಬಾಯಿಬಿಟ್ಟು ಕೇಳುವುದು. ಇಷ್ಟೂ ಸೇರಿದರೆ ಆರೋಗ್ಯ ಸಾಕ್ಷರತೆ. ಓದುಬರಹ ಬಲ್ಲವರಿಗೆಲ್ಲ ಇದು ಇರುತ್ತದೆಂದೇನಿಲ್ಲ. ಸಿರಿಯಾದ ಅಲೆಪ್ಪೊ ನಗರದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರೂ ಬರ್ಲಿನ್ನಿನ ಔಷಧಿ ಅಂಗಡಿಯಲ್ಲಿ ಪೆಚ್ಚಾಗಿ ನಿಲ್ಲಬೇಕಾಗುತ್ತದೆ.

2015ರ ಹೊತ್ತಿಗೆ ಸಿರಿಯಾ, ಇರಾಕ್, ಅಫ್ಘಾನಿಸ್ತಾನಗಳಿಂದ ಲಕ್ಷಾಂತರ ನಿರಾಶ್ರಿತರು ಜರ್ಮನಿಗೆ ಬಂದರು. ಅಲ್ಲಿ ಮಗು ಹುಟ್ಟಿದರೆ ತಾಯಿಯ ಕೈಗೊಂದು ಹಳದಿ ಪುಸ್ತಕ ಕೊಡುತ್ತಾರೆ. ಯು1ರಿಂದ ಯು9ರವರೆಗೆ ಹೆಸರಿಟ್ಟ ಸರದಿ ತಪಾಸಣೆಗಳಲ್ಲಿ, ಮಗುವಿಗೆ ಸುಮಾರು ಐದು ವರ್ಷವಾಗುವ ತನಕ, ತೂಕ, ಕಣ್ಣು, ಕಿವಿ, ಮಾತು ಎಲ್ಲದರ ತಪಾಸಣೆ ಅದರಲ್ಲಿ ದಾಖಲಾಗುತ್ತದೆ. ಇದಕ್ಕೆ ದುಡ್ಡು ಕೊಡಬೇಕಿಲ್ಲ. ಆದರೆ ಸಾಮಾನ್ಯವಾಗಿ ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಬೇಕು. ಫೋನಿನಲ್ಲಿ ಕೈಸನ್ನೆ ನಡೆಯುವುದಿಲ್ಲವಲ್ಲ! ಜೀವಕ್ಕೆ ಅಪಾಯವಿದ್ದರೆ 112, ರಾತ್ರಿ ಬರೀ ಜ್ವರ ಬಂದರೆ 116117 ಎನ್ನುವುದನ್ನೂ ಯಾರಾದರೂ ತಿಳಿಸಿಕೊಡಬೇಕು.

ಹೊರದೇಶದಿಂದ ಬಂದವರಿಗೆಂದು 2005ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ಕೋರ್ಸಿನಲ್ಲಿ ಸಾಮಾನ್ಯವಾಗಿ 600 ತಾಸು ಭಾಷೆ, 100 ತಾಸು ದೇಶದ ಪರಿಚಯ. ದೇಹ, ಆರೋಗ್ಯದ ಪಾಠವೂ ಇದೆ. ನೋವು ಎಲ್ಲಿ, ಯಾವಾಗಿನಿಂದ ಎಂದು ಹೇಳಲು ಕಲಿಯುತ್ತಾರೆ.

ನನ್ನ ಮಟ್ಟಿಗೆ ದೊಡ್ಡವರು ಹೀಗೆ ಕಲಿಯುವುದರ ದೊಡ್ಡ ಲಾಭ ಮಕ್ಕಳಿಗೆ. ಶಾಲೆಗೆ ಹೋಗುವ ಮಕ್ಕಳಿಗೆ ಭಾಷೆ ಬೇಗ ಬರುತ್ತದೆ. ದುಭಾಷಿಯ ಖರ್ಚನ್ನು ಅಲ್ಲಿನ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಹತ್ತು ವರ್ಷದ ಹುಡುಗಿ ಅಮ್ಮನಿಗೂ ಡಾಕ್ಟರಿಗೂ ನಡುವೆ ಕೂರುತ್ತಾಳೆ. ರಕ್ತಸ್ರಾವದ ವಿಷಯವನ್ನು ಅಮ್ಮ ಮಗಳ ಮುಂದೆ ಹೇಳದೆ ನುಂಗುತ್ತಾಳೆ. ಡಾಕ್ಟರು ಹೇಳಿದ ಕೆಟ್ಟ ಸುದ್ದಿಯನ್ನು ಮಗಳು ಅರ್ಧ ಮಾತ್ರ ದಾಟಿಸುತ್ತಾಳೆ. ಶಾಲೆಯೂ ತಪ್ಪುತ್ತದೆ. ಅಮ್ಮನಿಗೇ ನಾಲ್ಕು ಮಾತು ಬಂದರೆ ಹುಡುಗಿ ಆ ಕುರ್ಚಿಯಿಂದ ಏಳಬಹುದು.

ಹಾಗೆಂದು ಕ್ಲಾಸಿಗೆ ಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಯುದ್ಧದ ನೆನಪಿನಲ್ಲಿ ರಾತ್ರಿಯಿಡೀ ಎದ್ದಿರುವವರ ತಲೆಗೆ ಬೆಳಿಗ್ಗೆ ವ್ಯಾಕರಣ ಹತ್ತುವುದು ಕಷ್ಟ. ಕೂಸು ನೋಡಿಕೊಳ್ಳುವವರಿಲ್ಲದ ಹೆಂಗಸರು ಕ್ಲಾಸಿನವರೆಗೂ ಬರಲಾರರು. ಕಲಿಯುವ ತನಕ, ಮತ್ತು ಗಂಭೀರ ಕಾಯಿಲೆಗಳಲ್ಲಿ ಕಲಿತ ಮೇಲೂ, ದುಭಾಷಿ ಬೇಕೇಬೇಕು. ಡೆನ್ಮಾರ್ಕ್ 2018ರಲ್ಲಿ, ದೇಶಕ್ಕೆ ಬಂದು ಮೂರು ವರ್ಷ ಮೀರಿದವರು ಆಸ್ಪತ್ರೆಯಲ್ಲಿ ದುಭಾಷಿಗೆ ಶುಲ್ಕ ಕಟ್ಟಬೇಕೆಂದು ನಿಯಮ ಮಾಡಿತು. 2021ರಲ್ಲಿ ಅದನ್ನು ತೆಗೆದುಹಾಕಿದ್ದು ಒಳ್ಳೆಯದೇ ಆಯಿತು.